ಮೇಸ್ತ್ರಿಯ ಬೂಟು

ಗುಡುಗಮ್ಮ ಸೊಸೆಯ ಕೈಗೆ ಪಟ್ಟನೆ ಹೊಡೆದಳು. ಅಂಗೈಯಲ್ಲಿದ್ದ ಮಾತ್ರೆ ಹಾರಿ ತೂಕದ ಯಂತ್ರದ ಅಡಿಗೆ ಉರುಳಿತು.

“ಹುಳ ಸಾಯಿಸೋ ಮಾತ್ರೆ ಬಸುರಿಗಾ? ಮಗು ಹೋದ್ರೆ ನೀನು ತಂದ್ಕೊಡ್ತೀಯಾ?” ಎಂದು ನರ್ಸಮ್ಮನ ಮೇಲೆ ಎಗರಿಬಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ! ದುಡಿಯುವ ಇಟ್ಟಿಗೆ ಗೂಡಿನಲ್ಲಿ ಆಕೆಗೆ ಆ ಹೆಸರು ಸುಮ್ಮನೆ ಬಿದ್ದಿರಲಿಲ್ಲ.

ಕೋಪಕ್ಕೆ ಕಾರಣವೂ ಇತ್ತು. ಮೂರು ತಿಂಗಳ ಹಿಂದೆ ಗೂಡಿನ ಮೇಸ್ತ್ರಿ ಡಬ್ಬಿ ಹಿಡಿದು ಬಂದು, ಮಣ್ಣು ತುಳಿಯುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, “ಹೂಂ, ಬಾಯಿ ತೆಗೀರಿ” ಎಂದು ಇದೇ ಮಾತ್ರೆ ಹಂಚಿದ್ದ. ಯಾರು ಬಸುರಿ, ಯಾರು ಅಲ್ಲ, ಒಂದು ಮಾತು ಕೇಳಿರಲಿಲ್ಲ ಪುಣ್ಯಾತ್ಮ. ಸೊಸೆಗೆ ಆಗ ಎರಡು ತಿಂಗಳು. ಗುಡುಗಮ್ಮ ಅವಳ ಬಾಯಿಗೆ ಬೆರಳು ಹಾಕಿ ಉಗುಳಿಸಿದ್ದಳು. ಅದನ್ನೂ ಈಗ ಕೂಗಿಯೇ ಹೇಳಿದಳು.

“ಅವತ್ತು ನೀವು ಮಾಡಿದ್ದು ಸರಿ ಅಮ್ಮಾ,” ಎಂದಳು ನರ್ಸಮ್ಮ. “ಮೊದಲ ಮೂರು ತಿಂಗಳು ನಾವೂ ಕೊಡಲ್ಲ. ಈಗ ಐದು ತುಂಬಿದೆ, ಡಾಕ್ಟ್ರು ಪರೀಕ್ಷೆ ಮಾಡೇ ಬರೆದಿದ್ದಾರೆ. ಹುಳ ಒಳಗೆ ಕೂತು ದಿನಾ ಇವಳ ರಕ್ತ ಕುಡೀತಿದೆ. ರಕ್ತದ ಅಂಶ ಹನ್ನೊಂದು ಇರಬೇಕಾದ್ದು ಏಳಕ್ಕೆ ಇಳಿದಿದೆ. ಹೀಗೇ ಬಿಟ್ರೆ ಹೆರಿಗೇಲಿ ತಾಯಿಗೂ ಕಷ್ಟ, ಮಗೂಗೂ ಕಷ್ಟ.”

ಗುಡುಗಮ್ಮ ಸೊಸೆಯ ಮುಖ ನೋಡಿದಳು. ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಟ್ಟು ಕೂರುತ್ತಿದ್ದವಳನ್ನು “ಮೈಗಳ್ಳಿ” ಎಂದು ತಾನೇ ಬೈದಿದ್ದಳಲ್ಲ! ಥೂ, ತನ್ನ ನಾಲಿಗೆ ಸೇದಿಹೋಗ!

“ಇನ್ನೊಂದು ಕೊಡು,” ಎಂದಳು.

ಸೊಸೆ ಮಾತ್ರೆ ಬಾಯಿಗಿಟ್ಟುಕೊಂಡು ಓರೆಗಣ್ಣಲ್ಲಿ ನೋಡುತ್ತ ಕೇಳಿದಳು: “ಅತ್ತೆ, ಈ ಸಲ ಉಗುಳಿಸಲ್ಲ ತಾನೆ?”

“ಬಾಯ್ಮುಚ್ಕೊಂಡು ಅಗಿ.” ಬೈದ ಬಾಯಲ್ಲೇ ನರ್ಸಮ್ಮನನ್ನು ಕೇಳಿದಳು: “ನಾವು ಕೈ ತೊಳೆದೇ ಉಣ್ಣೋದು. ಈ ಹಾಳು ಹುಳ ಹೊಟ್ಟೆಗೆ ಬಂದಿದ್ದಾದ್ರೂ ಹೇಗೆ?”

“ಕಾಲಿಂದ ಅಮ್ಮಾ. ಜನ ಬಯಲಿಗೆ ಕೂರೋ ಕಡೆ ಮಣ್ಣಲ್ಲಿ ಮರಿಹುಳ ಇರತ್ತೆ. ಬರಿಗಾಲಿಟ್ರೆ ಚರ್ಮ ಕೊರ್ಕೊಂಡು ಒಳಗೆ ಹೋಗತ್ತೆ. ಮತ್ತೆ ಅದೇ ಮಣ್ಣಿಗಿಳಿದ್ರೆ ಮತ್ತೆ ಬರತ್ತೆ.”

ಗೂಡಿನಲ್ಲಿ ಕಕ್ಕಸಿಲ್ಲ. ಹೆಂಗಸರು ಹೋಗುವುದು ಮಣ್ಣಿನ ಗುಡ್ಡೆಯ ಹಿಂದೆ. ಮಳೆ ಬಂದರೆ ಅದೆಲ್ಲ ಕೊಚ್ಚಿಕೊಂಡು ಅವರು ಮಣ್ಣು ತುಳಿಯುವ ಗುಂಡಿಗೇ ಇಳಿಯುತ್ತದೆ. ಕಕ್ಕಸು ಕಟ್ಟಿಸಿ ಎಂದು ಗುಡುಗಮ್ಮ ಮೂರು ಸಲ ಕೇಳಿದ್ದಳು. “ಆಯ್ತು, ಮುಂದಿನ ತಿಂಗಳು” ಎನ್ನುವುದಕ್ಕೆ ಮೇಸ್ತ್ರಿಯ ಗಂಟೇನು ಹೋಗಬೇಕು?

ಆಸ್ಪತ್ರೆಯಿಂದ ಅವಳು ಸೊಸೆಯನ್ನು ಕರೆದುಕೊಂಡು ಸೀದಾ ಮೇಸ್ತ್ರಿಯ ಕೋಣೆಗೆ ಬಂದಳು. ಬಾಗಿಲ ಹೊರಗೆ ಅವನ ಮೊಣಕಾಲುದ್ದದ ರಬ್ಬರ್ ಬೂಟು ನಿಂತಿತ್ತು. ಎತ್ತಿ ಸೊಸೆಯ ಮುಂದಿಟ್ಟಳು. “ಹಾಕ್ಕೋ.”

ಮೇಸ್ತ್ರಿ ಬರಿಗಾಲಲ್ಲೇ ಹೊರಗೆ ಓಡಿಬಂದ. “ಏಯ್, ಅದು ನನ್ನ ಬೂಟು!”

“ಗೊತ್ತಪ್ಪಾ. ಗುಂಡಿಗೇ ಇಳೀದ ಕಾಲಿಗೆ ಬೂಟು, ದಿನವಿಡೀ ತುಳಿಯೋ ಕಾಲಿಗೆ ಬರೀ ಕೆಸರು. ಇದ್ಯಾವ ಊರ ನ್ಯಾಯ?”

“ವರ್ಷಕ್ಕೆ ಎರಡು ಸಲ ಮಾತ್ರೆ ಕೊಡ್ತೀನಲ್ಲ! ಇನ್ನೇನು ಬೇಕು?”

“ಕೊಟ್ಟೆ ಮಹರಾಯ! ಎರಡು ತಿಂಗಳ ಬಸುರಿ ಬಾಯಿಗೂ ತುರುಕಿದೆ. ಹುಳ ಸಾಕೋನೂ ನೀನೇ, ಮಾತ್ರೆ ಹಂಚೋನೂ ನೀನೇ!” ಗುಡುಗಮ್ಮನ ಗಂಟಲು ಬಿರಿಯುವಂತಿತ್ತು. ಗುಂಡಿಯಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಹತ್ತಿ ಬಂದು ಅವಳ ಹಿಂದೆ ನಿಂತರು. “ಎಲ್ಲರಿಗೂ ಬೂಟು ಬರಬೇಕು, ಕಕ್ಕಸು ಕಟ್ಟಬೇಕು. ಅಲ್ಲೀವರೆಗೆ ಯಾರೂ ಮಣ್ಣು ತುಳಿಯಲ್ಲ. ಅಷ್ಟು ಅವಸರ ಇದ್ರೆ ನೀನೇ ಇಳಿ. ಹೆಂಗೂ ಬರಿಗಾಲಲ್ಲೇ ಇದ್ದೀಯ.”

ಮೇಸ್ತ್ರಿ ಗುಂಡಿಯ ಕೆಸರು ನೋಡಿದ. ತನ್ನ ಕಾಲು ನೋಡಿಕೊಂಡ. ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

“ನೋಡಿದ್ರೇನ್ರೇ?” ಎಂದು ಗುಡುಗಮ್ಮ ಹೆಂಗಸರ ಕಡೆ ತಿರುಗಿದಳು. “ಕೆಸರಲ್ಲಿ ಹುಳ ಇರೋದು ಇವನಿಗೆ ಮೊದಲಿಂದ್ಲೂ ಗೊತ್ತಿತ್ತು.”