ನವರಾತ್ರಿಯ ಪೊಲೀಸರು

ಬಂಟ್ವಾಳ ಪೇಟೆಯ ನೀಲಾವತಿಗೆ ವೇಷ ಹಾಕುವ ಆಸೆ ಎಂದೂ ಇರಲಿಲ್ಲ. ಅವಳದೇನಿದ್ದರೂ ಹೊಲಿಗೆ. ನವರಾತ್ರಿ ಬಂತೆಂದರೆ ಅವಳ ಅಣ್ಣ ರಮಾನಾಥ ಗೆಳೆಯರನ್ನು ಕಟ್ಟಿಕೊಂಡು ಮನೆಮನೆಗೆ ವೇಷ ಹೊರಡಿಸುತ್ತಿದ್ದ. ಒಂದು ವರ್ಷ ಬೇಟೆಗಾರರು, ಮತ್ತೊಂದು ವರ್ಷ ಸರ್ಕಸ್ಸಿನವರು. ಎಂಬತ್ತೊಂದನೇ ಇಸವಿಯಲ್ಲಿ ಪೊಲೀಸ್ ವೇಷ ಎಂದು ತೀರ್ಮಾನವಾಯಿತು.

ಪೊಲೀಸ್ ವೇಷದಲ್ಲಿ ಹೊಸತೇನೂ ಇಲ್ಲ. ಆದರೆ ರಮಾನಾಥನಿಗೆ ನಗಿಸುವ ಪೊಲೀಸರು ಬೇಕಿರಲಿಲ್ಲ. ಬ್ಯಾಂಡು ಬೇಡ, ಕುಣಿತ ಬೇಡ. ಜೀಪಿನಿಂದ ಇಳಿದು ಅಂಗಳಕ್ಕೆ ಕಾಲಿಟ್ಟರೆ ಮನೆಯವರು ತಾವಾಗಿ ಎದ್ದು ನಿಲ್ಲಬೇಕು, ನಿಜ ಹೇಳುವುದು ಹೊರಡುವಾಗ ಮಾತ್ರ ಎಂಬುದು ಅವನ ಹಟ. ನೀಲಾವತಿ ಯಾರದೋ ಹಳೆಯ ಪೊಲೀಸ್ ಅಂಗಿ ತರಿಸಿ, ಅದನ್ನು ನೋಡಿಕೊಂಡು ದಪ್ಪ ಖಾಕಿ ಬಟ್ಟೆ ಕತ್ತರಿಸಿದಳು. ಹೆಗಲ ಪಟ್ಟಿಯನ್ನು ಎರಡು ಸಲ ಬಿಚ್ಚಿ ಹೊಲಿದಳು. ಚರ್ಮದ ಕೆಲಸ ರಮಾನಾಥನ ಶಾಲೆಯ ಗೆಳೆಯ, ಚಪ್ಪಲಿ ಅಂಗಡಿಯ ಅಬ್ದುಲ್ ನಾಸಿರನದು. ಎಮ್ಮೆ ಚರ್ಮದ ಅಗಲ ಬೆಲ್ಟು, ಹೆಗಲಿನಿಂದ ಸೊಂಟಕ್ಕೆ ಇಳಿಯುವ ಪಟ್ಟಿ, ಮೇಣ ಹಚ್ಚಿದ ನೂಲಿನಲ್ಲಿ ಹೊಲಿದ ಪಿಸ್ತೂಲಿನ ಚೀಲ. ಹೊಸ ಚರ್ಮ ಹೊಳೆದರೆ ಗುಟ್ಟು ರಟ್ಟಾಗುತ್ತದೆಂದು ಅವನು ಎಣ್ಣೆಗೆ ಮಸಿ ಕಲಸಿ ತಿಕ್ಕಿ ಎಲ್ಲವನ್ನೂ ಹಳತು ಮಾಡಿದ. ಒಳಗಿನ ಪಿಸ್ತೂಲು ಮಾತ್ರ ಮರದ್ದು. ಕಳ್ಳನ ಪಾತ್ರವನ್ನೂ ಅವನೇ ಕೇಳಿ ತೆಗೆದುಕೊಂಡ.

ಕಾನ್‌ಸ್ಟೇಬಲ್ ಆಗಬೇಕಿದ್ದ ಗೆಳೆಯ ಅಣ್ಣು ಜ್ವರ ಬಂದು ಮಲಗಿದ. ಅವನ ಅಂಗಿ ತಂಗಿಗೆ ಸರಿಯಾಗುತ್ತದೆಂದು ರಮಾನಾಥನಿಗೆ ಹೊಳೆಯಿತು.

"ಒಂದು ದಿನ ಬಾ ಮಾರಾಯ್ತಿ. ಮಾತಾಡುವುದು ಬೇಡ, ನಿಂತ್ರೆ ಸಾಕು."

ಅಮ್ಮ ಬೈದರು. ಆದರೂ ನೀಲಾವತಿ ಜಡೆಯನ್ನು ಟೊಪ್ಪಿಯೊಳಗೆ ತುರುಕಿ, ಮೀಸೆ ಅಂಟಿಸಿಕೊಂಡು ಜೀಪು ಹತ್ತಿದಳು. ಜೀಪು ಗೆಳೆಯ ಸುಧಾಕರನ ಮಾವನದು, ಓಡಿಸುತ್ತಿದ್ದವನು ಸುಧಾಕರನೇ.

ವಾಮದಪದವು ದಾಟಿದ ಮೇಲೆ ಒಂದು ಮಾಳಿಗೆ ಮನೆ ಸಿಕ್ಕಿತು. ಯಜಮಾನ ಮುಂಡಪ್ಪ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಸುಧಾಕರ ಜೀಪಿನಲ್ಲೇ ಉಳಿದ. ಹಗ್ಗ ಸುತ್ತಿದ ನಾಸಿರನನ್ನು ಮುಂದೆ ತಳ್ಳಿ ರಮಾನಾಥ ಪ್ರತಿ ಮನೆಯಲ್ಲೂ ಹೇಳುತ್ತಿದ್ದ ಮಾತನ್ನೇ ಹೇಳಿದ.

"ನಮಗೆ ಕಂಪ್ಲೇಂಟ್ ಬಂದಿದೆ. ಅಡಗಿಸಿಟ್ಟದ್ದನ್ನು ನೀವಾಗಿ ತೋರಿಸ್ತೀರೋ, ನಾವು ಹುಡುಕುವುದೋ?"

ಬೇರೆ ಮನೆಗಳಲ್ಲಿ ಇಷ್ಟು ಹೊತ್ತಿಗೆ ಮಕ್ಕಳಾದರೂ ಕಿಸಕ್ಕನೆ ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಮುಂಡಪ್ಪನ ಮುಖದ ರಕ್ತ ಇಳಿದುಹೋಯಿತು.

"ಅವಳ ಅಮ್ಮ ಹೇಳಿದ್ದಾ ಸ್ವಾಮಿ?" ಅವನು ಎದ್ದು ನಿಂತ. "ಹೊಡೆದದ್ದು ಅಂತ ಇಲ್ಲ. ಊಟ ಕೊಡ್ತಾ ಇದ್ದೇವೆ."

ಸೊಂಟದಿಂದ ಬೀಗದ ಕೈ ಬಿಚ್ಚಿ, ಮಾಳಿಗೆಯತ್ತ ಕಣ್ಣು ಹಾಯಿಸುತ್ತಾ ಚಾಚಿದ. ಹಗ್ಗದೊಳಗಿನ ನಾಸಿರ್ ತಾನು ಕಳ್ಳನೆಂಬುದನ್ನು ಮರೆತು ಇನ್‌ಸ್ಪೆಕ್ಟರ್ ವೇಷದ ರಮಾನಾಥನ ಮುಖ ನೋಡಿದ. ಕೈ ಮುಂದೆ ಮಾಡಿ ಬೀಗದ ಕೈ ತೆಗೆದುಕೊಂಡವಳು ನೀಲಾವತಿ. ತೆಗೆದುಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ. ಮಾಳಿಗೆಯ ಏಣಿಮೆಟ್ಟಿಲು ಹತ್ತಿ ಬೀಗ ತೆಗೆದಳು.

ಬಾಗಿಲು ತೆರೆದಾಗ ಹೊಡೆದ ವಾಸನೆಗೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮೂಲೆಯಲ್ಲಿ ತನ್ನದೇ ಪ್ರಾಯದ ಹೆಂಗಸೊಬ್ಬಳು ಕೂತಿದ್ದಳು. ಖಾಕಿ ಕಂಡದ್ದೇ ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು. ಕೂಗಲಿಲ್ಲ. ಕೂಗದೆ ಇದ್ದದ್ದೇ ನೀಲಾವತಿಯ ಎದೆಗೆ ನಾಟಿತು. ಹೆದರಬೇಡಿ ಎಂದಳು, ಆ ಹೆಂಗಸು ಇನ್ನೂ ಮುದುಡಿದಳು. ಆಗ ನೀಲಾವತಿ ಮೀಸೆಯನ್ನು ಕಿತ್ತಳು. ತುಟಿಯ ಮೇಲೆ ಉರಿ ಎದ್ದಿತು. ಟೊಪ್ಪಿ ತೆಗೆದಳು, ಜಡೆ ಜಾರಿ ಬೆನ್ನ ಮೇಲೆ ಬಿತ್ತು.

"ನಾನೂ ಹೆಂಗಸೇ. ನೋಡಿ."

ಆ ಹೆಂಗಸು ಕೈ ಚಾಚಿ ಜಡೆಯನ್ನು ಮುಟ್ಟಿ ನೋಡಿದಳು. ಆಮೇಲೆ ನೀಲಾವತಿಯ ಕೈ ಹಿಡಿದು ಎದ್ದಳು.

ಹೆಸರು ಜಲಜಾಕ್ಷಿ. ಮಸ್ಕತ್ತಿನಲ್ಲಿದ್ದ ಮುಂಡಪ್ಪನ ತಮ್ಮನ ಹೆಂಡತಿ. ಹುಟ್ಟಿದ ಮಗು ಉಳಿಯಲಿಲ್ಲ; ಅಳು ನಿಲ್ಲಲಿಲ್ಲವೆಂದು ಮನೆಯವರು ಹುಚ್ಚು ಎಂದರು. ಗಂಡನಿಗೆ ಅವಳು ತವರಿನಲ್ಲಿದ್ದಾಳೆಂದೂ, ತವರೂರು ಕೊಕ್ಕಡದಿಂದ ನೋಡಲು ಬಂದ ತಾಯಿಗೆ ಅವಳು ಯಾರನ್ನೂ ಕಾಣಬಾರದೆಂದು ವೈದ್ಯರ ಮಾತು ಎಂದೂ ಹೇಳಿದ್ದರು. ಮಳೆ ಹಿಡಿಯುವ ಮೊದಲು ಮುಚ್ಚಿದ ಬಾಗಿಲು ಅದು.

ಜಲಜಾಕ್ಷಿಯ ಜೊತೆ ಮೆಟ್ಟಿಲಿಳಿದು ಬಂದ ಜಡೆಯ ಕಾನ್‌ಸ್ಟೇಬಲನನ್ನು ನೋಡಿ ಮುಂಡಪ್ಪನಿಗೆ ಅನುಮಾನ ಬಂತು. ನೀವು ಯಾರು ಎಂದು ಕೇಳಿದ. ಹೊರಡುವಾಗ ನಿಜ ಹೇಳಬೇಕಲ್ಲ, ರಮಾನಾಥ ಹೇಳಿದ: "ನಾವು ವೇಷದವರು."

ಮುಂಡಪ್ಪ ಜಲಜಾಕ್ಷಿಯ ರಟ್ಟೆಗೆ ಕೈ ಹಾಕಿದ. ಸಡಿಲವಾಗಿ ಸುತ್ತಿದ್ದ ಹಗ್ಗ ಕೊಡವಿ ನಾಸಿರ್ ನಡುವೆ ನಿಂತ. ಅಷ್ಟರಲ್ಲಿ ಸುಧಾಕರ ಜೀಪು ಸ್ಟಾರ್ಟ್ ಮಾಡಿದ್ದ, ನೀಲಾವತಿ ಜಲಜಾಕ್ಷಿಯನ್ನು ಹತ್ತಿಸಿದಳು.

ದಾರಿಯಲ್ಲಿ ಜಲಜಾಕ್ಷಿ ಒಂದೇ ಮಾತು ಕೇಳಿದಳು: "ಪೊಲೀಸರಲ್ಲದಿದ್ರೆ, ಅವರು ಬೀಗದ ಕೈ ಕೊಟ್ಟದ್ದು ಯಾಕೆ?"

ನೇರ ಠಾಣೆಗೆ ಹೋದರು. ನಿಜವಾದ ಸಬ್ ಇನ್‌ಸ್ಪೆಕ್ಟರ್ ಮೊದಲು ಇವರ ಖಾಕಿ ಕಂಡು ಗದರಿದ. ಜೀಪಿನಿಂದಿಳಿದವಳನ್ನು ಕಂಡು ಸುಮ್ಮನಾದ. ಬಟ್ಟೆ, ಬೆಲ್ಟು ಎಲ್ಲ ಬಿಚ್ಚಿಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟ. ಮುಂಡಪ್ಪನ ಮೇಲೆ ಕೇಸಾಯಿತು. ಜಲಜಾಕ್ಷಿ ತಾಯಿಯ ಜೊತೆ ಕೊಕ್ಕಡಕ್ಕೆ ಹೋದಳು. ರಜೆಯಲ್ಲಿ ಬಂದ ಗಂಡ ಮೊದಲು ಹೋದದ್ದು ಅಣ್ಣನ ಮನೆಗೆ. ಆಮೇಲೆ ಕೊಕ್ಕಡಕ್ಕೆ ಬಂದಾಗ ಅವಳು ಅವನನ್ನು ಜಗಲಿಯಿಂದಲೇ ಕಳಿಸಿದಳಂತೆ.

ಆದರೆ ನೀಲಾವತಿಯನ್ನು ಅಲುಗಾಡಿಸಿದ್ದು ಇದ್ಯಾವುದೂ ಅಲ್ಲ. ಹೇಳಿಕೆ ಕೊಡಲು ಠಾಣೆಗೆ ಕರೆಸಿದ ದಿನ, ಆ ಮನೆಯ ಕೆಲಸದ ಸೇಸಮ್ಮ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ನಿಮಗೆ ಗೊತ್ತಿತ್ತಾ ಎಂದು ನೀಲಾವತಿ ಕೇಳಿದಳು.

"ಗೊತ್ತಿಲ್ಲದೆ ಮಗಾ? ಅವಳ ಬಟ್ಟಲು ತೊಳೆಯುವುದು ನಾನೇ ಅಲ್ವಾ?"

"ಯಾರಿಗೂ ಹೇಳಲಿಲ್ಲವಾ?"

ಸೇಸಮ್ಮ ಅವಳನ್ನು ಆಶ್ಚರ್ಯದಿಂದ ನೋಡಿದಳು. "ಯಾರಿಗೆ ಹೇಳುವುದು? ಎಲ್ಲರಿಗೂ ಗೊತ್ತಿತ್ತು."

ನೀಲಾವತಿ ಎದ್ದು ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಅವಳ ಹೆಸರು ಕರೆದದ್ದು ಕೇಳಿಸಿತು, ಆದರೆ ತಕ್ಷಣ ಏಳಲು ಆಗಲಿಲ್ಲ.