ಇಸ್ತ್ರಿ ಗಾಡಿಯ ಅಂದಾಜು ಖರ್ಚು

“ಮುಚ್ಚೇ ಬಾಯಿ! ಇದ್ದಿಲು ಕೊಳ್ಳೋಕೆ ಗತಿಯಿಲ್ಲ, ಇಸ್ತ್ರಿ ಗಾಡಿ ಇಡ್ತಾಳಂತೆ ಗಾಡಿ!”

ಸಾಲದ ಸಾಹೇಬರು ಹೀಗೆ ಆಶೀರ್ವಾದ ಮಾಡಿ, ಫ್ಯಾನಿನ ಕೆಳಗೆ ಕಾಲು ಚಾಚಿದರು. ಮೇಜಿನ ಈಚೆ ಇಸ್ತ್ರಿಯವಳು ಬಟ್ಟೆಗಂಟು ತಬ್ಬಿಕೊಂಡು ನಿಂತಿದ್ದಳು. ಬಡವರನ್ನು ಕುರ್ಚಿಯಲ್ಲಿ ಕೂರಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆಂದು ಆ ಕಚೇರಿಯವರಿಗೆ ಬಲು ಕಾಳಜಿ. ಅವಳ ಹಿಂದೆ ಅವಳ ಅತ್ತೆ. ಅತ್ತೆಯ ಹಿಂದೆ ಮೊಟ್ಟೆ ಮಾರುವವನು. ಅವನಿಗೂ ಸಾಲ ಬೇಕಿತ್ತು, ಹಾಗಾಗಿ ಸಾಹೇಬರಿಗೆಂದು ಒಂದು ತಟ್ಟೆ ಮೊಟ್ಟೆ ತಂದಿದ್ದ.

ಲಾಂಡ್ರಿಯ ಯಜಮಾನ ಅವಳನ್ನು ಹೊರಗೆ ಹಾಕಿ ತಿಂಗಳಾಗಿತ್ತು. ಅವನದೇ ಕೆಟ್ಟ ಇಸ್ತ್ರಿಪೆಟ್ಟಿಗೆಯಿಂದ ಯಾರದೋ ಶರಟು ಸುಟ್ಟದ್ದಕ್ಕೆ ಅವಳ ಕೂಲಿ ಮುರಿದುಕೊಂಡ. ಅದೇ ಪೆಟ್ಟಿಗೆ ಅವಳ ಕೈ ಸುಟ್ಟದ್ದಕ್ಕೆ ಮಾತ್ರ ಏನೂ ಮುರಿದುಕೊಳ್ಳಲಿಲ್ಲ, ಪುಣ್ಯಾತ್ಮ! ಸಾಲ ಸಿಕ್ಕರೆ ಸ್ವಂತ ಗಾಡಿ, ಇಲ್ಲದಿದ್ದರೆ ಮತ್ತೆ ಅವನ ಕಾಲೇ ಗತಿ.

ಅಷ್ಟರಲ್ಲಿ ದೊಡ್ಡ ಕಚೇರಿಯ ಮೇಡಂ ತಪಾಸಣೆಗೆಂದು ಒಳಗೆ ಬಂದರು. ಚಾಚಿದ್ದ ಸಾಹೇಬರ ಕಾಲು ತಾನಾಗಿಯೇ ಮಡಚಿಕೊಂಡಿತು.

“ಶುರು ಮಾಡೋಕೆ ಏನೇನು ಖರ್ಚು ಬರುತ್ತೆ? ಒಂದೂ ಬಿಡದೆ ಹೇಳಮ್ಮ,” ಎಂದರು ಮೇಡಂ.

ಇಸ್ತ್ರಿಯವಳು ಆ ಮಾತನ್ನು ನಂಬಿಬಿಟ್ಟಳು.

“ಹಳೇ ತಳ್ಳುಗಾಡಿ. ಪೆಟ್ಟಿಗೆ. ಹಾಸೋಕೆ ದಪ್ಪ ಕಂಬಳಿ. ಇದ್ದಿಲು,” ಎಂದು ಬೆರಳು ಮಡಚುತ್ತಾ ಹೋದಳು. “ರಸ್ತೆ ಪಕ್ಕ ನಿಲ್ಸೋಕೆ ಪೋಲೀಸಪ್ಪನಿಗೆ ವಾರವಾರ ಮಾಮೂಲು. ಆಮೇಲೆ ಈ ಸಾಹೇಬ್ರ ಮನೆ ಬಟ್ಟೆ. ಸಾಲ ಆಗೋವರೆಗೂ ಬಿಟ್ಟಿ ಮಾಡ್ಕೊಡು ಅಂದವ್ರೆ. ಅದಕ್ಕೆ ಪೆಟ್ಟಿಗೆ ಬಾಡಿಗೆ, ಇದ್ದಿಲು, ಎಲ್ಲಾ ನಂದೇ.”

ಅತ್ತೆ ಬೆನ್ನು ಚಿವುಟಿದಳು. “ಅದನ್ಯಾಕೆ ಬೊಗಳ್ತೀಯೇ, ಮುಂಡೇದೆ!”

“ಒಂದೂ ಬಿಡ್ಬೇಡ ಅಂದ್ರಲ್ಲ ಅತ್ತೆ.”

ಸಾಹೇಬರ ಮುಖ ಸುಟ್ಟ ಬದನೆಕಾಯಿಯಾಯಿತು. ಮೇಡಂ ಮಾತ್ರ ಬಗ್ಗಿ ಅವರ ಗರಿಗರಿ ಕಾಲರನ್ನೇ ದಿಟ್ಟಿಸಿ ನೋಡಿದರು. ನ್ಯಾಯ ಬಂತು ಎಂದುಕೊಂಡಳು ಇಸ್ತ್ರಿಯವಳು.

“ಕೆಲಸ ನೀಟಾಗಿದೆ ಕಣಮ್ಮ,” ಎಂದರು ಮೇಡಂ. “ಮಧ್ಯಾಹ್ನ ಡ್ರೈವರ್ ಕೈಲಿ ನಮ್ಮನೇದೂ ಕಳಿಸ್ತೀನಿ. ಆದ್ರೆ ನಿನ್ನ ಅಂದಾಜಲ್ಲಿ ಅನಗತ್ಯ ಖರ್ಚು ಜಾಸ್ತಿ. ಕಡಿಮೆ ಮಾಡ್ಕೊಂಡು ಬಾ.”

ಇಸ್ತ್ರಿಯವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಬೆಳಗಿನ ಜಾವ ಎದ್ದು ಗೆರೆ ಕೂರಿಸಿದ ಸಾಹೇಬರ ಶರಟುಗಳು. ಒಂದನ್ನೆತ್ತಿ ಎರಡೂ ಕೈಯಲ್ಲಿ ಹಿಂಡಿ, ಮುದ್ದೆ ಮಾಡಿ ಅವರ ಮುಂದೆ ಎಸೆದಳು. ಆಮೇಲೆ ಇನ್ನೊಂದು. ಸುಟ್ಟ ಕೈ ನೋಯುತ್ತಿದ್ದರೂ ಬಿಡಲಿಲ್ಲ, ಕೊನೆಯ ಪ್ಯಾಂಟಿನವರೆಗೂ ಹಿಂಡಿದಳು.

“ತಗೊಳ್ರಿ. ಖರ್ಚು ಕಡಿಮೆ ಮಾಡಿದ್ದೀನಿ.”

“ಬೋಳಿಮಗಳೇ! ಇನ್ನು ಸಾಲ ಹೆಂಗೆ ತಗೋತೀಯೋ ನೋಡ್ತೀನಿ!” ಎಂದರು ಸಾಹೇಬರು.

“ನಾಳೆ ನೀವು ಏನು ಹಾಕ್ಕೊಂಡು ಬರ್ತೀರೋ ನಾನೂ ನೋಡ್ತೀನಿ.”

“ಹೋಯ್ತು, ಗಾಡಿ ಹೋಯ್ತು,” ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಆದರೂ ಸೊಸೆಯ ಕೈ ಹಿಡಿದೇ ಬಾಗಿಲ ಕಡೆ ನಡೆದಳು.

“ಮುಂದಿನವನು ಬಾರೋ!” ಸಾಹೇಬರು ಕಿರುಚಿದರು.

ಮೊಟ್ಟೆಯವನು ತನ್ನ ತಟ್ಟೆ ನೋಡಿದ. ಸಾಹೇಬರ ಮೈಮೇಲಿದ್ದ ಗರಿಗರಿ ಬಿಳಿ ಶರಟು ನೋಡಿದ. ಒಂದು ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಮುಂದೆ ಬಂದ.