ಹೆಸರಿಟ್ಟ ಕುರಿ

ಗೆಳತಿ ಮಲ್ಲಕ್ಕ ತೀರಿಕೊಂಡ ಸುದ್ದಿ ಹೊಸದುರ್ಗದ ಜೈಬುನ್ನೀಸಾಳಿಗೆ ಮುಟ್ಟಿದ್ದು ಮಣ್ಣಾದ ಮಾರನೆಯ ದಿನ. ಮಲ್ಲಕ್ಕನ ಅಣ್ಣನ ಮಗ ಬೀರೇಶ ಬಾಗಿಲಲ್ಲಿ ನಿಂತು, "ಜೈಬಮ್ಮಾ, ಅತ್ತೆ ಹೋದ್ರು. ನಿಮಗೆ ಹೇಳಬೇಕೋ ಬ್ಯಾಡ್ವೋ ಗೊತ್ತಾಗ್ಲಿಲ್ಲ. ಮಾತು ಬಿಟ್ಟಿದ್ರಲ್ಲ ನೀವು," ಅಂದ. ಹೊಲಿಯುತ್ತಿದ್ದ ಕೌದಿ ಅವಳ ತೊಡೆಯಿಂದ ಜಾರಿತು. ಬೀರೇಶನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಮಾತು ಬಿಟ್ಟದ್ದು ಒಂದು ಕುರಿಯ ದೆಸೆಯಿಂದ. ಶ್ರೀರಾಂಪುರದ ಆಚೆ ಹೆಂಗಸರ ಸಂಘದವರು ಕೂಡಿ ಒಂದು ಹೊಲ ಮಾಡುತ್ತಿದ್ದರು. ಅಲ್ಲಿನ ಕುರಿಗಳನ್ನು ನೋಡಿಕೊಳ್ಳುವುದು ಮಲ್ಲಕ್ಕನ ಪಾಲಿಗೆ ಬಂದಿತ್ತು. ಬಕ್ರೀದ್ ಹತ್ತಿರವಿದ್ದಾಗ ಒಂದು ದಿನ ಜೈಬುನ್ನೀಸಾಳ ಮನೆಗೆ ಬಂದವಳು, ಬೀಗರೆಲ್ಲ ಕೂತಿರುವಾಗಲೇ, "ಲೇ ಜೈಬೂ, ಒಂದು ಕುರೀಗೆ ನಿನ್ನ ಹೆಸರಿಟ್ಟೀನಿ ಕಣೇ. ಥೇಟ್ ನಿನ್ನಂಗೇ ಐತೆ, ಕರೆದ್ರೆ ಮೂತಿ ತಿರುಗಿಸ್ತೈತೆ!" ಅಂದುಬಿಟ್ಟಳು. ಬೀಗರು ಬಿದ್ದುಬಿದ್ದು ನಕ್ಕರು. "ಹಂಗಾರೆ ಹಬ್ಬಕ್ಕೆ ಜೈಬೂನೇ ತರಾಣ," ಎಂದಳು ಬೀಗಿತ್ತಿ ಫರ್ಹಾನಾ. ಜೈಬುನ್ನೀಸಾ ಒಳಗೆ ಹೋಗಿ ಕದ ಹಾಕಿಕೊಂಡಳು. ಆಮೇಲೆ ಮಲ್ಲಕ್ಕ, "ಒಂದ್ಸಲ ಬಂದು ಕುರಿ ನೋಡು, ಆಮೇಲೆ ಬೇಕಾದ್ರೆ ಬೈಯಿ," ಎಂದು ಎಷ್ಟು ಸಲ ಹೇಳಿಕಳಿಸಿದರೂ ಹೋಗಲಿಲ್ಲ. ಎರಡು ಬಕ್ರೀದ್ ಕಳೆದವು.

ಈಗ ಬೀರೇಶನ ಹಿಂದೆ ಬಸ್ಸಿಳಿದು ಹೊಲಕ್ಕೆ ನಡೆದಳು. ಸಂಘದ ಈರಕ್ಕ ಚೊಂಬಿನಲ್ಲಿ ನೀರು ಕೊಟ್ಟು, "ಬರ್ರಿ, ಎಲ್ಲಾ ತೋರಿಸ್ತೀನಿ," ಎಂದಳು. ಕಟ್ಟಿದ್ದ ಕರು ಜೈಬುನ್ನೀಸಾಳ ಕೈ ನೆಕ್ಕಿತು. ಮೇಕೆಮರಿಯೊಂದು ಸೆರಗು ಜಗ್ಗಿತು. ಕೋಳಿಗಳು ಕಾಲಡಿಯೇ ಕೆದಕುತ್ತಿದ್ದವು. ಅವಳ ಕಣ್ಣು ಮಾತ್ರ ಕುರಿಹಟ್ಟಿಯ ಕಡೆಗೇ.

"ಯಾವ ಕುರಿಗೆ ಯಾರ ಹೆಸರು?" ಎಂದು ಕೇಳಿದಳು.

"ಹೆಸರಿರೋದು ಒಂದಕ್ಕೇ ಅಮ್ಮಾ," ಎಂದಳು ಈರಕ್ಕ. "ಒಂದು ಕುರೀಗಾದ್ರೂ ಹೆಸರಿಡಾಣ, ಅದನ್ನ ಮಾರಂಗಿಲ್ಲ, ಕಡಿಯಂಗಿಲ್ಲ ಅಂತ ಮಲ್ಲಕ್ಕ ಹಟ ಹಿಡಿದ್ಲು. ಆಯ್ತವ್ವ, ಯಾರ ಹೆಸರಿಡ್ತೀಯ ಅಂದ್ವಿ. ಯೋಚನೇನೇ ಮಾಡ್ಲಿಲ್ಲ, ನಿಮ್ಮದೇ ಹೇಳಿದ್ಲು."

ಜೈಬುನ್ನೀಸಾ ಬೇಲಿಯ ಗೂಟ ಹಿಡಿದುಕೊಂಡಳು.

"ಅಗೋ, ಮೂಲೇಲಿ ಮಲಗೈತೆ ನೋಡ್ರಿ. ಮಲ್ಲಕ್ಕ ಹೋದಾಗಿಂದ ಮೇವಿಗೆ ಬಾಯೇ ಹಾಕಿಲ್ಲ. ನಾವೆಲ್ಲ ಕರೆದು ಸಾಕಾಯ್ತು. ನೀವು ಕರೀರಿ."

ತನ್ನ ಹೆಸರನ್ನು ತಾನೇ ಕರೆಯಬೇಕಾಗಿತ್ತು. ಜೈಬುನ್ನೀಸಾ ಸೆರಗಿನಲ್ಲಿ ಜಾಲಿಕಾಯಿ ಹಾಕಿಸಿಕೊಂಡು ಹಟ್ಟಿಯ ನೆಲದ ಮೇಲೆ ಕೂತಳು. ಮಲ್ಲಕ್ಕ ಬೀದಿಯ ಕೊನೆಯಿಂದ ಕೂಗುತ್ತಿದ್ದ ರೀತಿಯಲ್ಲೇ, "ಜೈಬೂ, ಬಾರೇ," ಎಂದಳು. ಕುರಿ ಕಿವಿ ನಿಮಿರಿಸಿತು, ನೋಡಿತು, ಮೂತಿ ತಿರುಗಿಸಿತು. ಮತ್ತೆ ಕರೆದಳು. ಮತ್ತೆ ತಿರುಗಿಸಿತು. ಕರೆಯುವವರ ಗಂಟಲು ಎಷ್ಟು ಒಣಗುತ್ತದೆ ಎಂಬುದು ಅವಳಿಗೆ ಆಗ ತಿಳಿಯಿತು. ಆದರೂ ಏಳಲಿಲ್ಲ.

ಬಿಸಿಲು ಇಳಿಯುವಾಗ ಕುರಿ ತಾನಾಗಿ ಎದ್ದು ಬಂದು ಸೆರಗನ್ನು ಮೂಸಿ, ಒಂದು ಕಾಯಿ ಕಚ್ಚಿತು.

"ನೀನಾದ್ರೂ ಬಂದೆ," ಎಂದು ಅದರ ತಲೆ ಸವರಿ, ಅವಳು ಎರಡೂ ಅಂಗೈ ಮೇಲೆತ್ತಿದಳು.

"ಯಾ ಅಲ್ಲಾಹ್, ನಿನ್ನ ಮೂಕ ಜೀವಗಳನ್ನ ಸಾಕಿದವಳು ನಿನ್ನ ಹತ್ರ ಬಂದವಳೆ. ಅವಳು ಕರೆದಾಗ ನಾನು ಹೋಗ್ಲಿಲ್ಲ. ನೀನು ಅವಳನ್ನ ಹತ್ರ ಕರ್ಕೋ. ಮಲ್ಲಕ್ಕನ ಜೀವಕ್ಕೆ ಶಾಂತಿ ಕೊಡು. ಆಮೀನ್."